1000 ಹರ್ಟ್ಸ್ ಇನ್ವರ್ಟರ್: ಡ್ಯೂಟಿ ಸೈಕಲ್ ಮಿತಿಯೊಳಗಿದ್ದರೂ ಡಯೋಡ್ ಹೋಗುವುದೇಕೆ?

ನಟ್‌ಬೋಲ್ಟ್

50 ಹರ್ಟ್ಸ್ ಎಸಿ ರೆಸಿಸ್ಟೆನ್ಸ್ ವೆಲ್ಡಿಂಗ್ ಮಷೀನಿನ ಜಾಗಕ್ಕೆ 1000 ಹರ್ಟ್ಸ್ ಎಂಎಫ್‌ಡಿಸಿ (ಮಧ್ಯಮ ಫ್ರೀಕ್ವೆನ್ಸಿ ಡಿಸಿ) ಇನ್ವರ್ಟರ್ ಸೆಟ್ ಬಂದಿದೆ. ಕೆಲಸ ಇಷ್ಟೇ: 1.5 ಮಿ.ಮೀ. ಶೀಟಿಗೆ ಎಂ8 ಪ್ರೊಜೆಕ್ಷನ್ ನಟ್ (ಅಡಿಯ ಉಬ್ಬುಗಳು ಕರಗಿ ಶೀಟಿಗೆ ಬೆಸೆಯುವ ನಟ್). ವಿವರಗಳು:

ಲೈನ್ 400 ವೋಲ್ಟ್, ಮೂರು ಫೇಸ್. ಟ್ರಾನ್ಸ್‌ಫಾರ್ಮರ್ ಅನುಪಾತ 50:1. ನಾಮಫಲಕದಲ್ಲಿ 100% ಡ್ಯೂಟಿಗೆ (ಡ್ಯೂಟಿ ಅಂದರೆ ಒಟ್ಟು ಸಮಯದಲ್ಲಿ ಕರೆಂಟ್ ಹರಿಯುವ ಪಾಲು) 6 ಕೆಎ (ಕಿಲೊಆಂಪಿಯರ್) ಅಂತಿದೆ. ಈಗಿನ ಸೆಟ್ಟಿಂಗ್ 16 ಕೆಎ, 300 ಮಿ.ಸೆ.ನ ಮೂರು ಪಲ್ಸ್, ನಡುವೆ 40 ಮಿ.ಸೆ. ಬಿಡುವು. ಹಳೆಯ ಮಷೀನಿನ 15 ಸೈಕಲ್ಲೇ ಇಲ್ಲಿ 300 ಮಿ.ಸೆ. ಆಗಿದೆ. 12 ಸೆಕೆಂಡಿಗೆ ಒಂದು ನಟ್. ನೀರು ನಿಮಿಷಕ್ಕೆ 6 ಲೀಟರ್.

900 ಮಿ.ಸೆ. ಭಾಗಿಸು 12 ಸೆಕೆಂಡ್ ಅಂದರೆ 7.5% ಡ್ಯೂಟಿ. 16 × √0.075 = 4.4 ಕೆಎ. 6ಕ್ಕಿಂತ ಎಷ್ಟೋ ಕಡಿಮೆ. ಥರ್ಮೋಸ್ಟಾಟ್ ಒಮ್ಮೆಯೂ ಟ್ರಿಪ್ ಆಗಿಲ್ಲ. ಆದರೂ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ಟನ್ನು ಡಿಸಿ ಮಾಡುವ ಡಯೋಡ್ ಪ್ಯಾಕ್ ಎರಡನೇ ಸಲ ಶಾರ್ಟ್. ಎಲ್ಲಿ ತಪ್ಪು?

ತಾಮ್ರತುದಿ

ಗುಣಾಕಾರ ಸರಿಯಾಗಿದೆ ಸರ್, ಆದರೆ ಆ ಲೆಕ್ಕ ಡಯೋಡಿನದಲ್ಲ. ವರ್ಗಮೂಲದ ಸೂತ್ರ ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಅನ್ವಯಿಸುತ್ತದೆ. ಕಿಲೋಗಟ್ಟಲೆ ತಾಮ್ರ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ, ಹಾಗಾಗಿ 12 ಸೆಕೆಂಡಿನ ಸರಾಸರಿ ಅದಕ್ಕೆ ನಡೆಯುತ್ತದೆ. ಡಯೋಡಿನೊಳಗಿನ ಸಿಲಿಕಾನ್ ಬಿಲ್ಲೆಯ ತೂಕ ಕೆಲವೇ ಗ್ರಾಂ. ಅದಕ್ಕೆ ಸರಾಸರಿ ಅನ್ನುವುದು ಗೊತ್ತೇ ಇಲ್ಲ.

16 ಕೆಎಯಲ್ಲಿ ಡಯೋಡಿನ ಮೇಲೆ ಸುಮಾರು 1.2 ವೋಲ್ಟ್ ಬೀಳುತ್ತದೆ ಅಂತಿಟ್ಟುಕೊಳ್ಳಿ. 16000 × 1.2 × 0.9 ಸೆಕೆಂಡ್ = 17.3 ಕಿಲೊಜೂಲ್. ಎರಡು ಡಯೋಡ್ ಹಂಚಿಕೊಂಡರೆ ತಲಾ 8.6 ಕಿಲೊಜೂಲ್, ಅದೂ 980 ಮಿ.ಸೆ. ಒಳಗೆ. ಆ ಒಂದು ಸೆಕೆಂಡಿನ ಮಟ್ಟಿಗೆ ನಿಮ್ಮ ಡ್ಯೂಟಿ 7.5% ಅಲ್ಲ, 92%. ನಡುವಿನ 40 ಮಿ.ಸೆ.ನಲ್ಲಿ ಬಿಲ್ಲೆ ಸ್ವಲ್ಪ ಉಸಿರು ಬಿಡುತ್ತದೆ ನಿಜ, ಆದರೆ ಪಕ್ಕದ ತಾಮ್ರ ಆಗಲೇ ಬಿಸಿಯಾಗಿರುವುದರಿಂದ ಎರಡನೇ ಪಲ್ಸ್ ಮೇಲಿನ ಮೆಟ್ಟಿಲಿನಿಂದ ಶುರುವಾಗುತ್ತದೆ, ಮೂರನೆಯದು ಇನ್ನೂ ಮೇಲಿನಿಂದ.

ಥರ್ಮೋಸ್ಟಾಟ್ ಯಾಕೆ ಸುಮ್ಮನಿದೆ? 17.3 ಕಿಲೊಜೂಲ್ ಅನ್ನು 12 ಸೆಕೆಂಡಿಗೆ ಹಂಚಿದರೆ 1.44 ಕಿಲೊವ್ಯಾಟ್. ನಿಮಿಷಕ್ಕೆ 1 ಲೀಟರ್ ನೀರು ಪ್ರತಿ ಡಿಗ್ರಿಗೆ ಸುಮಾರು 70 ವ್ಯಾಟ್ ಹೊತ್ತೊಯ್ಯುತ್ತದೆ. 6 ಲೀಟರಿಗೆ 420 ವ್ಯಾಟ್. ಅಂದರೆ ಡಯೋಡಿನ ಶಾಖದಿಂದ ನೀರು ಬಿಸಿಯಾಗುವುದು ಮೂರೂವರೆ ಡಿಗ್ರಿ! ಪೈಪು ಮುಟ್ಟಿದರೆ ತಣ್ಣಗೆ, ಥರ್ಮೋಸ್ಟಾಟ್ ನೋಡಿದರೆ ಶಾಂತ, ಡಯೋಡ್ ಬಿಲ್ಲೆಯೊಳಗಿನ ಜಂಕ್ಷನ್ ಮಾತ್ರ ಪ್ರತಿ ನಟ್ಟಿಗೂ ಮಿತಿ ಮುಟ್ಟಿ ಬರುತ್ತಿದೆ. ಥರ್ಮೋಸ್ಟಾಟ್ ಇರುವುದು ನೀರು ನಿಂತುಹೋದರೆ ಹಿಡಿಯಲು. ಒಂದು ಸೆಕೆಂಡಿನ ಏರಿಳಿತ ಅದಕ್ಕೆ ಕಾಣುವುದಿಲ್ಲ.

ಟ್ರಾನ್ಸ್‌ಫಾರ್ಮರಿನ ದಾಖಲೆಯಲ್ಲಿ ಡ್ಯೂಟಿ ಕರ್ವ್ ಪಕ್ಕದಲ್ಲೇ 'ಕರೆಂಟ್ ವಿರುದ್ಧ ವೆಲ್ಡ್ ಸಮಯ' ಅನ್ನುವ ಇನ್ನೊಂದು ಕರ್ವ್ ಇರುತ್ತದೆ. ಪ್ರೊಜೆಕ್ಷನ್ ಕೆಲಸಕ್ಕೆ ನೋಡಬೇಕಾದ್ದು ಅದು. ಮಲ್ಟಿಪಲ್ಸ್ ಇದ್ದರೆ ಮೊದಲ ಪಲ್ಸ್ ಶುರುವಿನಿಂದ ಕೊನೆಯ ಪಲ್ಸ್ ಮುಗಿಯುವವರೆಗೆ ಒಂದೇ ಪಲ್ಸ್ ಅಂತ ಹಿಡಿದು ಆ ಕರ್ವಿನಲ್ಲಿ ನೋಡಿ. ಸ್ವಲ್ಪ ಕಟ್ಟುನಿಟ್ಟಾಯಿತು ಅನ್ನಿಸಬಹುದು, ಆದರೆ ಡಯೋಡ್ ಉಳಿಯುತ್ತದೆ.

ಕಿಡಿಗಣ್ಣು

ಮೇಲಿನ ಮಾತಿಗೆ ಸಹಮತ. ಆದರೆ ಮೂಲದಲ್ಲೇ ಒಂದು ಪ್ರಶ್ನೆ: ಎಂ8 ನಟ್ಟಿಗೆ 900 ಮಿ.ಸೆ. ಯಾಕೆ ಬೇಕು? ಎಸಿ ಮಷೀನಿನಲ್ಲಿ ಎಸ್‌ಸಿಆರ್ (ಕರೆಂಟ್ ಬಿಡುವ ಸಿಲಿಕಾನ್ ಸ್ವಿಚ್) ಪ್ರತಿ ಅರ್ಧ ಸೈಕಲ್ಲಿಗೂ ತಡವಾಗಿ ತೆರೆದುಕೊಳ್ಳುತ್ತದೆ. 10 ಮಿ.ಸೆ.ಗೊಮ್ಮೆ ಕರೆಂಟ್ ಸೊನ್ನೆಗೆ ಇಳಿದು ಪ್ರೊಜೆಕ್ಷನ್ ತುದಿ ಆರುತ್ತಿತ್ತು. ಡಿಸಿಯಲ್ಲಿ ಆ ಬಿಡುವಿಲ್ಲ. ಸೈಕಲ್ಲುಗಳನ್ನು 20ರಿಂದ ಗುಣಿಸಿ ಮಿ.ಸೆ. ಮಾಡಿದರೆ ಗಣಿತ ಸರಿ, ವೆಲ್ಡಿಂಗ್ ಸರಿಯಲ್ಲ.

ನಟ್ಟಿಗೆ ಒಂದೇ ಪಲ್ಸ್ ಸಾಕು. ಹೀಗೆ ಶುರುಮಾಡಿ: ಒತ್ತುಬಲ 3.5ರಿಂದ 4 ಕಿಲೊನ್ಯೂಟನ್, ಅಪ್‌ಸ್ಲೋಪ್ (ಕರೆಂಟ್ ಮೆಲ್ಲಗೆ ಏರುವ ಸಮಯ) 20 ಮಿ.ಸೆ., ವೆಲ್ಡ್ 100 ಮಿ.ಸೆ., ಹೋಲ್ಡ್ (ಕರೆಂಟ್ ನಿಂತ ಮೇಲೂ ಒತ್ತಿ ಹಿಡಿಯುವ ಸಮಯ) 150 ಮಿ.ಸೆ. ಕರೆಂಟ್ ಅನ್ನು 12 ಕೆಎಯಿಂದ 0.5ರ ಮೆಟ್ಟಿಲಲ್ಲಿ ಏರಿಸುತ್ತ ಪ್ರತಿ ಮೆಟ್ಟಿಲಿಗೂ ಐದು ನಟ್ ವೆಲ್ಡ್ ಮಾಡಿ, ಪುಶ್‌ಔಟ್ (ನಟ್ ಒತ್ತಿ ಕಳಚಲು ನೋಡುವುದು) ಮತ್ತು ಟಾರ್ಕ್ (ತಿರುಚಿ ನೋಡುವುದು) ಟೆಸ್ಟ್ ನೋಡಿ. ಥ್ರೆಡ್ಡಿನೊಳಗೆ ಕಿಡಿ ಬೀಳಲು ಶುರುವಾದ ಕಡೆ ನಿಂತು ಒಂದು ಮೆಟ್ಟಿಲು ಕೆಳಗೆ ಬನ್ನಿ. 16 ಕೆಎಯೇ ಬೇಕಾಯಿತು ಅಂದುಕೊಂಡರೂ 120 ಮಿ.ಸೆ.ಗೆ ಡಯೋಡುಗಳ ಪಾಲು 2.3 ಕಿಲೊಜೂಲ್. ಮೊದಲಿನ 17.3ರ ಪಕ್ಕ ಇಟ್ಟು ನೋಡಿ.

ಪ್ರೊಜೆಕ್ಷನ್ ಕುಸಿಯುವ ವೇಗಕ್ಕೆ ಮೇಲಿನ ಎಲೆಕ್ಟ್ರೋಡ್ ಹಿಂಬಾಲಿಸಬೇಕು. ಇನ್ವರ್ಟರ್ ಮಿಲಿಸೆಕೆಂಡಿನಲ್ಲಿ ಕರೆಂಟ್ ಕೊಡುತ್ತದೆ, ಹಳೆಯ ಭಾರದ ಸಿಲಿಂಡರ್ ಹೆಡ್ ಅಷ್ಟು ಬೇಗ ಇಳಿಯುವುದಿಲ್ಲ. ಆಗ ಒಂದು ಕ್ಷಣ ಸಂಪರ್ಕ ಸಡಿಲಾಗಿ ಲೋಹ ಚಿಮ್ಮುತ್ತದೆ. ಅದನ್ನು ನೋಡಿ 'ಇನ್ವರ್ಟರ್ ಜಾಸ್ತಿ ಕರೆಂಟ್ ಕೊಡ್ತಿದೆ' ಅಂತ ಕರೆಂಟ್ ಇಳಿಸುವುದು, ನಟ್ ಕಿತ್ತು ಬಂತು ಅಂತ ಪಲ್ಸ್ ಸೇರಿಸುವುದು... ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೆಡ್ಡಿನ ಗೈಡ್ ಬಿಗಿಯಾಗಿದೆಯೇ, ಸ್ಪ್ರಿಂಗ್ ಫಾಲೋಅಪ್ ಇದೆಯೇ ನೋಡಿ. ಫೋರ್ಸ್ ಗೇಜಿನಲ್ಲಿ ಅಳೆಯಿರಿ, ರೆಗ್ಯುಲೇಟರಿನ ಮುಳ್ಳು ನಂಬಬೇಡಿ.

ಹೊಸಬ_22

ಟ್ರಾನ್ಸ್‌ಫಾರ್ಮರ್ 2000 ಹರ್ಟ್ಸ್‌ದು ಹಾಕಿದರೆ ಡಯೋಡ್ ಮೇಲಿನ ಭಾರ ಕಡಿಮೆ ಆಗಲ್ವಾ ಅಣ್ಣ? ಅರ್ಧ ಸೈಕಲ್ ಇನ್ನೂ ಚಿಕ್ಕದಾಗುತ್ತೆ ಅಲ್ವಾ?

ಎಚ್‌ಬ್ರಿಡ್ಜ್

ಇಲ್ಲ. ಡಯೋಡಿನಲ್ಲಿ ಹುಟ್ಟುವ ಶಾಖ ಕರೆಂಟ್ × ವೋಲ್ಟೇಜ್ ಡ್ರಾಪ್ × ಸಮಯ. ಅದರಲ್ಲಿ ಫ್ರೀಕ್ವೆನ್ಸಿಯೇ ಇಲ್ಲ. ಸ್ವಿಚಿಂಗ್ ಜಾಸ್ತಿಯಾದಷ್ಟೂ ರಿವರ್ಸ್ ರಿಕವರಿ ನಷ್ಟ (ಡಯೋಡ್ ಮುಚ್ಚಿಕೊಳ್ಳುವಾಗ ಆಗುವ ನಷ್ಟ) ಸೇರಿಕೊಳ್ಳುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಫ್ರೀಕ್ವೆನ್ಸಿ ಏರಿಸುವುದು ಕೋರ್ ಚಿಕ್ಕದಾಗಲಿ ಅಂತ. ಅದೇ ವೋಲ್ಟೇಜ್, ಅದೇ ಫ್ಲಕ್ಸ್ ಸಾಂದ್ರತೆ ಇಟ್ಟರೆ ಸುತ್ತುಗಳ ಸಂಖ್ಯೆ × ಕೋರ್ ಅಡ್ಡಕೊಯ್ತ 1000 ಹರ್ಟ್ಸ್‌ನಲ್ಲಿ 50 ಹರ್ಟ್ಸ್‌ನ ಇಪ್ಪತ್ತನೇ ಒಂದು ಭಾಗ ಸಾಕು. ತೂಕ ಮಾತ್ರ ಇಪ್ಪತ್ತು ಪಟ್ಟು ಇಳಿಯುವುದಿಲ್ಲ, ಏಕೆಂದರೆ ತಾಮ್ರ ಮತ್ತು ಡಯೋಡುಗಳ ಗಾತ್ರ ಶಾಖದ ಮೇಲೆ ನಿಂತಿದೆ.

ಇನ್ನೊಂದು ಮಿತಿ ಕಮ್ಯುಟೇಶನ್. ಕರೆಂಟ್ ಒಂದು ಡಯೋಡಿನಿಂದ ಇನ್ನೊಂದಕ್ಕೆ ದಾಟುವಾಗ ಸುರುಳಿಗಳ ಲೀಕೇಜ್ ಇಂಡಕ್ಟೆನ್ಸ್ (ಕರೆಂಟ್ ತಟ್ಟನೆ ಬದಲಾಗದಂತೆ ತಡೆಯುವ ಗುಣ) ಅಡ್ಡ ಬರುತ್ತದೆ. ಆ ಹೊತ್ತಿನಲ್ಲಿ ಎರಡೂ ಡಯೋಡ್ ಒಟ್ಟಿಗೆ ವಾಹಕವಾಗಿ ಔಟ್‌ಪುಟ್ ವೋಲ್ಟೇಜ್ ಕುಸಿಯುತ್ತದೆ. ಉದಾಹರಣೆಗೆ ಅದು 60 ಮೈಕ್ರೊಸೆಕೆಂಡ್ ಅನ್ನಿ. 1000 ಹರ್ಟ್ಸ್‌ನ ಅರ್ಧ ಸೈಕಲ್ 500 ಮೈಕ್ರೊಸೆಕೆಂಡ್, ಹೋದದ್ದು 12%. 2000 ಹರ್ಟ್ಸ್‌ನಲ್ಲಿ ಅದೇ 60 ಹೋದರೆ 250ರಲ್ಲಿ 24%. ಕರೆಂಟ್ ಹೆಚ್ಚಿದಷ್ಟೂ ಈ ಹೊತ್ತು ಉದ್ದವಾಗುತ್ತದೆ. ಜೊತೆಗೆ 1000 ಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಎಸಿ ಕರೆಂಟ್ ಹರಿಯುವ ಮೇಲ್ಪದರದ ಆಳ) 2.1 ಮಿ.ಮೀ. ಮಾತ್ರ, 50 ಹರ್ಟ್ಸ್‌ನಲ್ಲಿ 9.3. ಡಯೋಡುಗಳನ್ನು ಟ್ರಾನ್ಸ್‌ಫಾರ್ಮರಿನ ಮೈಗೇ ಅಂಟಿಸಿ ಕಟ್ಟುವುದು ಈ ಎರಡೂ ಕಾರಣಕ್ಕೆ. ಮಧ್ಯಮ ಫ್ರೀಕ್ವೆನ್ಸಿ ಕರೆಂಟ್ ಓಡಾಡುವ ದಾರಿ ಆದಷ್ಟು ಗಿಡ್ಡ ಇರಬೇಕು, ಆಮೇಲಿನ ಉದ್ದನೆಯ ತೋಳುಗಳಲ್ಲಿ ಡಿಸಿ ಹರಿಯಲಿ.

ಮತ್ತೆ, ಇನ್ವರ್ಟರ್ ಅದಕ್ಕೆ ಹೊಂದದೆ ಬರೀ ಟ್ರಾನ್ಸ್‌ಫಾರ್ಮರ್ ಬದಲಾಯಿಸಲು ಹೋಗಬೇಡಿ. 2000ಕ್ಕೆ ಕಟ್ಟಿದ ಕೋರ್ ಅನ್ನು 1000ದಲ್ಲಿ ಓಡಿಸಿದರೆ ಫ್ಲಕ್ಸ್ ಇಮ್ಮಡಿಯಾಗಿ ಸ್ಯಾಚುರೇಟ್ ಆಗುತ್ತದೆ, ಓವರ್‌ಕರೆಂಟ್ ಟ್ರಿಪ್ ಗ್ಯಾರಂಟಿ.

ನಟ್‌ಬೋಲ್ಟ್

ಪಲ್ಸ್ ವಿಷಯ ಅರ್ಥವಾಯಿತು. ಇನ್ನೊಂದು: ಮೊದಲ ಸಲ 'ಪ್ರೈಮರಿ ಓವರ್‌ಕರೆಂಟ್' ಬಂದಾಗ ಐಜಿಬಿಟಿಯೇ (ಇನ್ವರ್ಟರಿನ ಸ್ವಿಚ್) ಹೋಗಿದೆ ಅಂತ ಮಾಡ್ಯೂಲ್ ಬದಲಾಯಿಸಿದ್ದು ದಂಡ. ಡಯೋಡೋ ಐಜಿಬಿಟಿಯೋ ಅಂತ ಬಿಚ್ಚುವ ಮೊದಲೇ ತಿಳಿಯುವ ದಾರಿ ಇದೆಯೇ?

ಎಚ್‌ಬ್ರಿಡ್ಜ್

ಇದೆ, ಹತ್ತು ನಿಮಿಷದ ಕೆಲಸ. ಆದರೆ ಮೊದಲು ಸುರಕ್ಷತೆ. 400 ವೋಲ್ಟ್ ಲೈನಿಗೆ ಇನ್ವರ್ಟರಿನೊಳಗಿನ ಡಿಸಿ ಬಸ್ 540ರಿಂದ 566 ವೋಲ್ಟ್ ಇರುತ್ತದೆ. ಮೇನ್ ಆಫ್ ಮಾಡಿ ಲಾಕ್ ಹಾಕಿ, ತಯಾರಕರು ಬರೆದಷ್ಟು ನಿಮಿಷ ಕಾಯಿರಿ, ಆಮೇಲೂ ಬಸ್ ಬಾರ್ ಮೇಲೆ ಮೀಟರ್ ಇಟ್ಟು ನೋಡಿ. ಡಿಸ್ಚಾರ್ಜ್ ರೆಸಿಸ್ಟರ್ ಸುಟ್ಟಿದ್ದರೆ ಗಡಿಯಾರ ನೋಡಿ ಕಾದದ್ದಕ್ಕೆ ಅರ್ಥವಿಲ್ಲ.

ಹೆಜ್ಜೆ ಒಂದು: ಸೆಕೆಂಡರಿ ಷಂಟನ್ನು (ತೋಳಿಗೆ ಜೋಡಿಸುವ ಬಾಗುವ ತಾಮ್ರದ ಪಟ್ಟಿ) ಔಟ್‌ಪುಟ್ ಪ್ಯಾಡಿನಿಂದ ಬಿಚ್ಚಿ. ಮೀಟರನ್ನು ಡಯೋಡ್ ರೇಂಜಿಗೆ ಹಾಕಿ. ಕೆಂಪು ಕಡ್ಡಿ ಮೈನಸ್ ಪ್ಯಾಡಿಗೆ, ಕಪ್ಪು ಪ್ಲಸ್ ಪ್ಯಾಡಿಗೆ. ಕರೆಂಟ್ ಸೆಂಟರ್ ಟ್ಯಾಪಿನಿಂದ (ಸೆಕೆಂಡರಿಯ ನಡುಬಿಂದು) ಸುರುಳಿ ಮೂಲಕ ಎರಡೂ ಡಯೋಡ್ ಹಾದು ಬರುತ್ತದೆ, ಆದ್ದರಿಂದ ಡಯೋಡಿನ ಡ್ರಾಪ್ ಕಾಣಬೇಕು. ಕಡ್ಡಿ ಅದಲುಬದಲು ಮಾಡಿದರೆ ಓಪನ್ ತೋರಿಸಬೇಕು (ಸ್ನಬ್ಬರ್ ಕೆಪಾಸಿಟರಿನಿಂದ ಅಂಕಿ ನಿಧಾನಕ್ಕೆ ಏರಿದರೆ ಹೆದರಬೇಡಿ). ಎರಡೂ ಕಡೆ ಸೊನ್ನೆ ಬಂದರೆ ಒಂದಾದರೂ ಶಾರ್ಟ್. ಯಾವುದು ಅಂತ ತಿಳಿಯಲು ಒಂದನ್ನು ಬಿಚ್ಚಲೇಬೇಕು, ಸುರುಳಿಯ ರೆಸಿಸ್ಟೆನ್ಸ್ ಇಲ್ಲದಷ್ಟೇ ಆದ್ದರಿಂದ ಎರಡೂ ಒಂದೇ ಅಂತ ಕಾಣುತ್ತವೆ. ಅದೇ ಕಾರಣಕ್ಕೆ ಒಂದು ಡಯೋಡ್ ಓಪನ್ ಆಗಿದ್ದರೆ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಪ್ರೈಮರಿ ಕರೆಂಟಿನ ತರಂಗ ನೋಡಬೇಕು: ಒಂದು ಅರ್ಧ ತುಂಬಿ, ಇನ್ನೊಂದು ಅರ್ಧ ಬೋಳು.

ಹೆಜ್ಜೆ ಎರಡು: ಪ್ರೈಮರಿ ಕೇಬಲ್ಲನ್ನು ಇನ್ವರ್ಟರಿನಿಂದ ಬಿಚ್ಚಿ, ತುದಿಗಳನ್ನು ಭದ್ರವಾಗಿ ಇನ್ಸುಲೇಟ್ ಮಾಡಿ, ಕಡಿಮೆ ಕರೆಂಟಿಗೆ ಒಂದು ವೆಲ್ಡ್ ಕೊಡಿ. ಫಾಲ್ಟ್ 'ಕರೆಂಟ್ ಇಲ್ಲ' ಅಂತ ಬದಲಾದರೆ ಇನ್ವರ್ಟರ್ ಬಹುತೇಕ ಸರಿ, ತೊಂದರೆ ಕೇಬಲ್ ಅಥವಾ ಟ್ರಾನ್ಸ್‌ಫಾರ್ಮರ್ ಕಡೆ. ಕೇಬಲ್ ಬಿಚ್ಚಿದರೂ ಓವರ್‌ಕರೆಂಟ್ ಅಂತಲೇ ಕೂಗಿದರೆ ಐಜಿಬಿಟಿ ಅಥವಾ ಗೇಟ್ ಡ್ರೈವರ್.

ಹೆಜ್ಜೆ ಮೂರು, ಇನ್ಸುಲೇಶನ್: ಕೇಬಲ್ ಬಿಚ್ಚಿದ ಸ್ಥಿತಿಯಲ್ಲೇ ಪ್ರೈಮರಿಯ ಎರಡು ತುದಿ ಸೇರಿಸಿ ಕಟ್ಟಿ, ಸೆಕೆಂಡರಿ ಪ್ಲಸ್ ಮೈನಸ್ ಸೇರಿಸಿ ಅರ್ತ್ ಮಾಡಿ, ಆಮೇಲೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ. ಸೆಕೆಂಡರಿ ಸೇರಿಸದೆ ಮೆಗ್ಗರ್ ಹಾಕಿದರೆ ಡಯೋಡ್ ಮೇಲೆ ವೋಲ್ಟೇಜ್ ಬರಬಹುದು. ಇನ್ವರ್ಟರ್ ಜೋಡಿಸಿಕೊಂಡೇ ಮೆಗ್ಗರ್ ಹಾಕಿದರೆ ಐಜಿಬಿಟಿಗೆ ತಿಥಿ.

ಈ ಮೂರನೆಯದನ್ನು ಉದಾಸೀನ ಮಾಡಬೇಡಿ. ಪ್ರೈಮರಿ ಸೆಕೆಂಡರಿಗೆ ತಗುಲಿದರೆ ಕೈಯಲ್ಲಿರುವ ಗನ್ನಿಗೆ 500 ವೋಲ್ಟಿಗೂ ಮೇಲೆ ಬರುತ್ತದೆ. ಸೆಕೆಂಡರಿ ಅರ್ತ್ ಬಾಂಡ್ ಕಡ್ಡಾಯ. ಲೈನಿನಲ್ಲಿ ಆರ್‌ಸಿಡಿ (ಲೀಕೇಜ್ ಕಂಡರೆ ಲೈನ್ ಕಡಿಯುವ ಸ್ವಿಚ್) ಹಾಕುವುದಿದ್ದರೆ ಟೈಪ್ ಬಿ ಇರಲಿ. ಸಿಕ್ಸ್ ಪಲ್ಸ್ ರೆಕ್ಟಿಫೈಯರ್ ಹಿಂದಿನ ಲೀಕೇಜಿನಲ್ಲಿ ನಯವಾದ ಡಿಸಿ ಇರುತ್ತದೆ, ಟೈಪ್ ಎ ಅದನ್ನು ಸರಿಯಾಗಿ ಹಿಡಿಯುವುದಿಲ್ಲ.

ನೀರುಪೈಪು

ನೀರಿನ ಹೋಸ್ ಜೋಡಣೆಯ ಬಗ್ಗೆ ಯಾರೂ ಹೇಳಲಿಲ್ಲ. ಇನ್ ಮತ್ತು ಔಟ್ ಹೋಸ್ ಅದಲುಬದಲಾಗಿದೆಯೇ ನೋಡಿ. ಡಯೋಡ್ ಮತ್ತು ಸುರುಳಿಗೆ ಒಂದೇ ಸಾಲಿನಲ್ಲಿ ನೀರು ಹರಿಯುವ ವಿನ್ಯಾಸಗಳಲ್ಲಿ ತಣ್ಣೀರು ಮೊದಲು ಡಯೋಡಿಗೆ, ಆಮೇಲೆ ಸುರುಳಿಗೆ ಹೋಗಬೇಕು. ಉಲ್ಟಾ ಹಾಕಿದರೆ ಫ್ಲೋ ಸ್ವಿಚ್ ಖುಷಿಯಾಗಿರುತ್ತದೆ, ಡಯೋಡಿಗೆ ಸಿಗುವುದು ಬಿಸಿನೀರು. ಫ್ಲೋ ಅಳೆಯುವುದು ರಿಟರ್ನ್ ಪೈಪಿನಲ್ಲಿ, ಪ್ರತಿ ಸರ್ಕ್ಯೂಟಿಗೆ ಬೇರೆಬೇರೆಯಾಗಿ. ಮ್ಯಾನಿಫೋಲ್ಡಿನಲ್ಲಿ 6 ಲೀಟರ್ ಕಂಡರೆ ಅದರಲ್ಲಿ ಎಲೆಕ್ಟ್ರೋಡ್ ಪಾಲೆಷ್ಟು, ಡಯೋಡ್ ಪಾಲೆಷ್ಟು ಅಂತ ಗೊತ್ತಾಗುವುದಿಲ್ಲ.

ಹಾಗಂತ ಚಿಲ್ಲರ್ ತೀರಾ ಇಳಿಸಲೂಬಾರದು. ಗಾಳಿ 32 ಡಿಗ್ರಿ, ತೇವಾಂಶ 70% ಇದ್ದರೆ ಇಬ್ಬನಿ ಬಿಂದು ಹತ್ತಿರಹತ್ತಿರ 26 ಡಿಗ್ರಿ. 20 ಡಿಗ್ರಿ ನೀರು ಬಿಟ್ಟರೆ ಐಜಿಬಿಟಿ ಪ್ಲೇಟ್ ಬೆವರುತ್ತದೆ, ಅದರ ಮೇಲೆ ತಾಮ್ರದ ಧೂಳು ಕೂತರೆ ಟ್ರ್ಯಾಕಿಂಗ್ (ಮೇಲ್ಮೈ ಮೇಲೆ ಕರೆಂಟ್ ಹರಿದು ಸುಡುವುದು). ಕೆಲಸ ನಿಂತಾಗ ನೀರೂ ನಿಲ್ಲುವ ಹಾಗೆ ವಾಲ್ವ್ ಹಾಕಿ. ರಾತ್ರಿಯೆಲ್ಲ ತಣ್ಣೀರು ಹರಿದು ಬೆಳಿಗ್ಗೆ ಮೊದಲ ವೆಲ್ಡಿಗೇ 'ಢಬ್' ಅನ್ನುವುದು ಇದರಿಂದಲೇ.

ಅಳತೆಗೋಲು

ಡಯೋಡ್ ವಿಷಯದಿಂದ ಸ್ವಲ್ಪ ಪಕ್ಕಕ್ಕೆ, ಆದರೆ 16 ಕೆಎ ನಿಜಕ್ಕೂ 16 ಆಗಿದೆಯೇ ಅನ್ನುವುದೂ ಮುಖ್ಯ. ಕಂಟ್ರೋಲರ್ ಎರಡು ರೀತಿಯಲ್ಲಿ ಕರೆಂಟ್ ತಿಳಿಯಬಹುದು. ಪ್ರೈಮರಿ ಅಳೆದು ಅನುಪಾತದಿಂದ ಗುಣಿಸುವುದು: 320 ಆಂಪಿಯರ್ × 50 = 16 ಕೆಎ. ಇಲ್ಲಿ ಅನುಪಾತ 50ರ ಬದಲು 55 ಅಂತ ತುಂಬಿದರೆ ತೋರಿಸುವುದು 17.6. ಮ್ಯಾಗ್ನೆಟೈಸಿಂಗ್ ಕರೆಂಟೂ ಅದರೊಳಗೇ ಸೇರಿರುತ್ತದೆ. ಇನ್ನೊಂದು, ಸೆಕೆಂಡರಿಯಲ್ಲಿ ಟೊರಾಯ್ಡ್ ಕಾಯಿಲ್. ಸಾಮಾನ್ಯ ಸಂವೇದನೆ 50 ಹರ್ಟ್ಸ್‌ನಲ್ಲಿ 1 ಕೆಎಗೆ 150 ಮಿಲಿವೋಲ್ಟ್. ಕಾಯಿಲ್ ಕೊಡುವುದು ಕರೆಂಟಿನ ಬದಲಾವಣೆಯ ವೇಗ, ಅದನ್ನು ಇಂಟಿಗ್ರೇಟ್ ಮಾಡಿದರೆ ಕರೆಂಟ್ ಸಿಗುತ್ತದೆ. ಡಿಸಿಯ ಸಮತಟ್ಟು ಭಾಗದಲ್ಲಿ ಕಾಯಿಲ್ ಬಹುತೇಕ ಮೌನವಾಗಿರುತ್ತದೆ, ಎಲ್ಲ ಮಾಹಿತಿಯೂ ಮೊದಲ ಏರಿನಲ್ಲೇ ಬಂದಿರುತ್ತದೆ. ಎಸಿಗೆ ಮಾತ್ರ ಮಾಡಿದ ಹಳೆಯ ಮೀಟರ್ ಇಲ್ಲಿ ಸುಳ್ಳು ಹೇಳುವುದು ಅದಕ್ಕೇ.

ಹೊರಗಿನ ಮೀಟರಿಗೂ ಕಂಟ್ರೋಲರಿಗೂ ವ್ಯತ್ಯಾಸ ಕಂಡರೆ ಮೊದಲು ಅಳತೆಯ ಕಿಟಕಿ ಹೊಂದಿಸಿ. ಒಂದು ಅಪ್‌ಸ್ಲೋಪ್ ಸೇರಿಸಿ ಸರಾಸರಿ ಹಾಕುತ್ತದೆ, ಇನ್ನೊಂದು ಬಿಟ್ಟು ಹಾಕುತ್ತದೆ. 100 ಮಿ.ಸೆ. ವೆಲ್ಡಿನಲ್ಲಿ ಇದರಿಂದಲೇ ಹತ್ತು ಪರ್ಸೆಂಟ್ ವ್ಯತ್ಯಾಸ ಬರಬಹುದು.

ಒಂದು ಒಳ್ಳೆಯ ಅಭ್ಯಾಸ: ಎಲೆಕ್ಟ್ರೋಡುಗಳನ್ನು ನೇರ ಒತ್ತಿ ಶಾರ್ಟ್ ಮಾಡಿ, ರೆಗ್ಯುಲೇಶನ್ ತೆಗೆದು, ಇನ್ವರ್ಟರಿನ ಪಲ್ಸ್ ಅಗಲ (ಪ್ರತಿ ಅರ್ಧ ಸೈಕಲ್ಲಿನಲ್ಲಿ ಸ್ವಿಚ್ ಕರೆಂಟ್ ಬಿಡುವ ಪಾಲು) ಒಂದೇ ಅಂಕಿಗೆ ಕಟ್ಟಿ, ಬಂದ ಕೆಎ ಬರೆದಿಡಿ. ತಿಂಗಳಿಗೊಮ್ಮೆ ಹೀಗೇ ನೋಡಿ. ಅದೇ ಅಗಲಕ್ಕೆ ಕರೆಂಟ್ ಇಳಿಯುತ್ತ ಬಂದರೆ ಷಂಟ್ ಸಡಿಲ, ಇಲ್ಲವೇ ಜಾಯಿಂಟ್ ಕಪ್ಪಾಗಿದೆ. 50 ಮೈಕ್ರೊಓಮ್ ಹೆಚ್ಚಾದರೂ 10 ಕೆಎಗೆ ಅರ್ಧ ವೋಲ್ಟ್, 5 ಕಿಲೊವ್ಯಾಟ್ ಶಾಖ. ಕಾನ್‌ಸ್ಟಂಟ್ ಕರೆಂಟ್ ಮೋಡಿನಲ್ಲಿ ಇನ್ವರ್ಟರ್ ಸದ್ದಿಲ್ಲದೆ ಅಗಲ ಹೆಚ್ಚಿಸಿಕೊಂಡು ಇದನ್ನೆಲ್ಲ ಮುಚ್ಚಿಹಾಕುತ್ತದೆ, ಅಗಲ ಪೂರ್ತಿ ಮುಗಿದ ದಿನವೇ ತಿಳಿಯುವುದು.

ಹೊಸಬ_22

ನಟ್ ಬಿಟ್ಟು ಬರೀ ಸ್ಪಾಟ್ ಆದರೆ? 1+1 ಮಿ.ಮೀ. ಸಾದಾ ಶೀಟಿಗೆ ಎಷ್ಟರಿಂದ ಶುರುಮಾಡೋದು?

ಕಿಡಿಗಣ್ಣು

ಎಲೆಕ್ಟ್ರೋಡ್ ಮುಖ 6 ಮಿ.ಮೀ., ಒತ್ತುಬಲ 2.2ರಿಂದ 2.5 ಕಿಲೊನ್ಯೂಟನ್, 160ರಿಂದ 180 ಮಿ.ಸೆ., 8 ಕೆಎ. 0.2ರಂತೆ ಏರಿಸಿ, ಪ್ರತಿ ಮೆಟ್ಟಿಲಿಗೂ ಪೀಲ್ ಮಾಡಿ (ಶೀಟ್ ಸುಲಿದು) ನಗೆಟ್ (ಕರಗಿ ಗಟ್ಟಿಯಾದ ಬೆಸುಗೆಯ ಗುಂಡು) ಅಳೆಯಿರಿ. ಕನಿಷ್ಠ 4√ದಪ್ಪ ಅಂದರೆ 4 ಮಿ.ಮೀ., ಗುರಿ 5. ಕಿಡಿ ಹಾರುವ ಗಡಿಗಿಂತ ತುಸು ಕೆಳಗೆ ನಿಲ್ಲಿಸಿ.

ಜಿಂಕ್ ಶೀಟಿಗೆ ಕರೆಂಟ್ ಜಾಸ್ತಿ ಬೇಕು, ಟಿಪ್ ಬೇಗ ಚಪ್ಪಟೆಯಾಗುತ್ತದೆ. ಮುಖ 6ರಿಂದ 7 ಮಿ.ಮೀ.ಗೆ ಬಂದರೆ ವಿಸ್ತೀರ್ಣ 36% ಜಾಸ್ತಿ, ಕರೆಂಟ್ ಸಾಂದ್ರತೆ ಕಾಲು ಭಾಗ ಖೋತಾ. ಸ್ಕ್ರೀನಿನಲ್ಲಿ ಮಾತ್ರ 8.0 ಕೆಎ ಅಂತ ಹಸಿರು ದೀಪ! ಸ್ಟೆಪ್ಪರ್ (ಟಿಪ್ ಸವೆದಂತೆ ಕರೆಂಟ್ ಏರಿಸುವ ವ್ಯವಸ್ಥೆ) ಮತ್ತು ಡ್ರೆಸ್ಸಿಂಗ್ (ಟಿಪ್ ಕೆತ್ತಿ ಸರಿಮಾಡುವುದು) ಇಲ್ಲದಿದ್ದರೆ ಇನ್ವರ್ಟರ್ ಎಷ್ಟು ನಿಖರವಾಗಿದ್ದರೂ ವೆಲ್ಡ್ ಸಣ್ಣದಾಗುತ್ತಲೇ ಹೋಗುತ್ತದೆ.

ಅಲ್ಯುಮಿನಿಯಂಗೆ ಬಂದರೆ ಧ್ರುವ ನೋಡಬೇಕು. ಡಿಸಿಯಾದ್ದರಿಂದ ಪ್ಲಸ್ ಕಡೆಯ ಎಲೆಕ್ಟ್ರೋಡ್ ಬೇಗ ಸವೆಯುತ್ತದೆ. ಎರಡೂ ಟಿಪ್‌ಗಳನ್ನು ಒಂದೇ ಲೆಕ್ಕದಲ್ಲಿ ಡ್ರೆಸ್ ಮಾಡುವುದಾದರೆ ಪ್ಲಸ್ ಟಿಪ್ ನೋಡಿಕೊಂಡು ಅಂತರ ನಿಗದಿಪಡಿಸಿ. ಉಕ್ಕಿನ ಕೆಲಸದಲ್ಲಿ ಡಿಸಿಯ ಇನ್ನೊಂದು ಕಿರಿಕಿರಿ: ಗನ್ನಿನ ಉಕ್ಕಿನ ಭಾಗಗಳು ಅಯಸ್ಕಾಂತವಾಗಿ ಕಬ್ಬಿಣದ ಚೂರುಗಳನ್ನು ಎಳೆದುಕೊಳ್ಳುತ್ತವೆ. ಸಿಲಿಂಡರ್ ರಾಡ್ ವೈಪರ್ ಒರೆಸುತ್ತಿರಿ.

ತಾಮ್ರತುದಿ

ಹೋಲ್ಡ್ ಸಮಯ ಕಡಿತ ಮಾಡುವವರಿಗೆ ಒಂದು ಮಾತು. ಇನ್ವರ್ಟರ್ ನಿಂತ ತಕ್ಷಣ ಕರೆಂಟ್ ನಿಲ್ಲುವುದಿಲ್ಲ. ತೋಳುಗಳ ಇಂಡಕ್ಟೆನ್ಸಿನಲ್ಲಿ ಉಳಿದ ಶಕ್ತಿ ಎರಡೂ ಡಯೋಡುಗಳ ಮೂಲಕ ಸುತ್ತುತ್ತಿರುತ್ತದೆ. 1 ಮೈಕ್ರೊಹೆನ್ರಿ, 200 ಮೈಕ್ರೊಓಮ್ ಅಂದರೆ ಟೈಮ್ ಕಾನ್‌ಸ್ಟಂಟ್ 5 ಮಿ.ಸೆ. 16 ಕೆಎ ಇಳಿದು 1 ಕೆಎ ಒಳಗೆ ಬರಲು 15 ಮಿ.ಸೆ. ಹತ್ತಿರ ಬೇಕು. ಅಷ್ಟರೊಳಗೆ ಎಲೆಕ್ಟ್ರೋಡ್ ಎತ್ತಿದರೆ ಆರ್ಕ್, ಟಿಪ್ಪಿನಲ್ಲಿ ಗುಂಡಿ. ಉದ್ದ ತೋಳಿನ ಗನ್ನಿಗೆ ಇನ್ನೂ ಹೆಚ್ಚು. ನಿಮ್ಮ ಮೂರು ಪಲ್ಸ್ ನಡುವಿನ 40 ಮಿ.ಸೆ. ಬಿಡುವಿನಲ್ಲೂ ಮೊದಲ 15 ಮಿ.ಸೆ. ಡಯೋಡಿಗೆ ಬಿಡುವೇ ಅಲ್ಲ, ಆಗಲೂ ಅದು ಹೊರುತ್ತಲೇ ಇರುತ್ತದೆ.

ನಟ್‌ಬೋಲ್ಟ್

ಹೊಸ ಪ್ಯಾಕ್ ಹಾಕಿ ಹೀಗೆ ಮಾಡಿದೆ: ಒಂದೇ ಪಲ್ಸ್, ಅಪ್‌ಸ್ಲೋಪ್ 20, ವೆಲ್ಡ್ 100, 14 ಕೆಎ, 3.8 ಕಿಲೊನ್ಯೂಟನ್. ಪುಶ್‌ಔಟಿನಲ್ಲಿ ಶೀಟ್ ಹರಿಯುತ್ತದೆ, ನಟ್ ಕಳಚುವುದಿಲ್ಲ. ನೀರುಪೈಪು ಹೇಳಿದ ಹಾಗೆ ರಿಟರ್ನಿನಲ್ಲಿ ಅಳೆದರೆ ಡಯೋಡ್ ಸರ್ಕ್ಯೂಟಿಗೆ ಬರುತ್ತಿದ್ದುದು 2.5 ಲೀಟರ್ ಮಾತ್ರ, ಉಳಿದದ್ದೆಲ್ಲ ಎಲೆಕ್ಟ್ರೋಡ್ ಹೋಲ್ಡರಿಗೆ. ಹೋಸ್ ಬೇರೆ ಮಾಡಿದ ಮೇಲೆ ಡಯೋಡಿಗೇ 6. ಹಳೆಯ ಪ್ಯಾಕಿನ ಡಯೋಡ್ ಪ್ರೆಸ್ಸಿಂಗ್ ಬೋಲ್ಟುಗಳನ್ನು ಕೈಯಂದಾಜಿನಲ್ಲಿ ಬಿಗಿದಿದ್ದರೂ ತೊಂದರೆಯೇ?

ಎಚ್‌ಬ್ರಿಡ್ಜ್

ತೊಂದರೆಯೇ. ಬಿಲ್ಲೆ ಡಯೋಡಿಗೆ ವಿದ್ಯುತ್ ಸಂಪರ್ಕವೂ ಶಾಖದ ದಾರಿಯೂ ಆ ಒತ್ತಡವೇ. ಕಡಿಮೆಯಾದರೆ ಬಿಸಿ, ಓರೆಯಾದರೆ ಒಂದು ಅಂಚಿನಲ್ಲೇ ಕರೆಂಟ್ ಗುಂಪುಗೂಡಿ ಅಲ್ಲೇ ತೂತು. ಮೇಲ್ಮೈ ಎರಡೂ ನುಣುಪಾಗಿ, ಗೀರಿಲ್ಲದೆ, ತೆಳ್ಳಗೆ ತಯಾರಕರು ಹೇಳಿದ ಗ್ರೀಸ್ ಸವರಿ, ಬೋಲ್ಟುಗಳನ್ನು ಎದುರುಬದುರು ಕ್ರಮದಲ್ಲಿ ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ, ಕೊನೆಯ ಅಂಕಿ ಆ ಪ್ಯಾಕಿನ ಹಾಳೆಯಲ್ಲಿರುವುದೇ. ಎರಡು ಡಯೋಡುಗಳಲ್ಲಿ ಒಂದು ಹೋದರೂ ಎರಡನ್ನೂ ಒಂದೇ ಬ್ಯಾಚಿನದು ಹಾಕಿ. ಡ್ರಾಪ್ ಬೇರೆಬೇರೆಯಾದರೆ ಕೋರ್ ಒಂದು ಕಡೆಗೆ ವಾಲುತ್ತದೆ, ಆಗ ಮತ್ತೆ ಅದೇ ಪ್ರೈಮರಿ ಓವರ್‌ಕರೆಂಟ್ ಫಾಲ್ಟ್ ಬರುತ್ತದೆ.